ಆಗಸ್ಟ್ 16: ಒಂದೇ ತಾರೀಖಿನಲ್ಲಿ ಹಾಡಿನ 80 ವರ್ಷ

ಪ್ರತಿ ವರ್ಷ ಆಗಸ್ಟ್ ತಿಂಗಳ ನಡುವಿಗೆ ಬಂದರೆ ಫೋನಿನಲ್ಲಿ ಒಂದೇ ಬಗೆಯ ಪೋಸ್ಟುಗಳು ಸಾಲುಗಟ್ಟುತ್ತವೆ. ಎಲ್ವಿಸ್ ಪ್ರೀಸ್ಲಿ ತೀರಿಕೊಂಡ ದಿನ ಅಂತ ಒಬ್ಬರು ಹಾಕಿರುತ್ತಾರೆ. ಅದರ ಕೆಳಗೇ ಅರೀಥಾ ಫ್ರ್ಯಾಂಕ್ಲಿನ್ ತೀರಿಕೊಂಡ ದಿನ. ಇನ್ನೊಬ್ಬರು ಮಡೋನಾ ಹುಟ್ಟುಹಬ್ಬದ ಶುಭಾಶಯ ಹೇಳಿರುತ್ತಾರೆ. ಸ್ವಲ್ಪ ಹಳೆಯ ಹಾಡುಗಳ ಹುಚ್ಚಿದ್ದವರು ರಾಬರ್ಟ್ ಜಾನ್ಸನ್ ಫೋಟೊ ಹಾಕಿ ಸುಮ್ಮನಾಗುತ್ತಾರೆ. ಬೀಟಲ್ಸ್ ಅಭಿಮಾನಿಗಳು ಪೀಟ್ ಬೆಸ್ಟ್ ಎಂಬ ಹೆಸರು ತೆಗೆಯುತ್ತಾರೆ.

ಈ ಹೆಸರುಗಳನ್ನು ಅಲ್ಲಿ ಇಲ್ಲಿ ಕೇಳಿದ್ದು ಬಿಟ್ಟರೆ ಜಾಸ್ತಿ ಗೊತ್ತಿಲ್ಲದವರಿಗೆ ಎರಡು ಪ್ರಶ್ನೆ ಏಳುವುದು ಸಹಜ. ಇವರೆಲ್ಲ ಯಾರು, ಒಬ್ಬರಿಗೂ ಇನ್ನೊಬ್ಬರಿಗೂ ಏನು ಸಂಬಂಧ? ಮತ್ತೆ, ಇಷ್ಟೆಲ್ಲ ಒಂದೇ ತಾರೀಖಿಗೆ ಬಂದು ಬಿದ್ದದ್ದು ಹೇಗೆ? ಎರಡಕ್ಕೂ ಉತ್ತರ ಇದೆ. ಬುಡದಿಂದಲೇ ಶುರು ಮಾಡೋಣ.

ಮೊದಲು ಕೆಲವು ಪದಗಳು

ಜನಪ್ರಿಯ ಸಂಗೀತ ಅಂದರೆ ಇಲ್ಲಿ ರೆಕಾರ್ಡು, ರೇಡಿಯೊ, ಟಿವಿಗಳ ಮೂಲಕ ಮನೆಮನೆಗೆ ಹೋದ ಹಾಡು. ವರ್ಷಗಟ್ಟಲೆ ಕಲಿತವರಷ್ಟೇ ಅಲ್ಲ, ಯಾರು ಬೇಕಾದರೂ ಗುನುಗಬಹುದಾದದ್ದು.

ಬ್ಲೂಸ್ ಇದರ ತಾಯಿಬೇರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ ಬೆಳೆದದ್ದು. ಅದರ ಸಾಮಾನ್ಯ ಕಟ್ಟು ತುಂಬ ಸರಳ. ಒಂದು ಸಾಲು ಹಾಡುತ್ತಾರೆ. ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾರೆ. ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಬರುತ್ತದೆ. ಕಷ್ಟ ಹೇಳಿಕೊಳ್ಳುವವರು ಒಂದೇ ಮಾತನ್ನು ಎರಡು ಸಲ ಹೇಳಿ, ಆಮೇಲೆ ನಿಟ್ಟುಸಿರು ಬಿಟ್ಟು ಕೊನೆಯ ಮಾತು ಹೇಳುತ್ತಾರಲ್ಲ, ಹಾಗೆ.

ಬ್ಲೂಸ್‌ಗೆ ವೇಗ ಕೊಟ್ಟು, ಬಿಳಿಯರ ಹಳ್ಳಿಹಾಡಾದ ಕಂಟ್ರಿಯನ್ನು ಬೆರೆಸಿ, ಕುಣಿಯುವ ಹಾಗೆ ಮಾಡಿದ್ದು ರಾಕ್ ಅಂಡ್ ರೋಲ್. ಇದು 1950ರ ದಶಕದ ಮಾತು. ಸೋಲ್ ಹುಟ್ಟಿದ್ದು ಇನ್ನೊಂದು ದಾರಿಯಲ್ಲಿ. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಎದೆಬಿಚ್ಚಿ ಕರೆಯುವ ಗಾಸ್ಪೆಲ್ ಹಾಡಿಕೆ ಇತ್ತು. ಅದೇ ಕೂಗು, ಅದೇ ಏರಿಳಿತ ಇಟ್ಟುಕೊಂಡು ಗಂಡು ಹೆಣ್ಣಿನ ಪ್ರೀತಿ, ಜಗಳ, ಸ್ವಾಭಿಮಾನ ಹಾಡಿದರೆ ಅದು ಸೋಲ್.

ಇಷ್ಟು ಗೊತ್ತಿದ್ದರೆ ಸಾಕು.

1938: ಯಾರ ಕಿವಿಗೂ ಬೀಳದ ಸಾವು

ರಾಬರ್ಟ್ ಜಾನ್ಸನ್ ಮಿಸಿಸಿಪಿಯವರು. ಗಿಟಾರ್ ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಹೋಗಿ, ರಸ್ತೆಬದಿಯಲ್ಲಿ, ಶನಿವಾರ ರಾತ್ರಿಯ ಕುಣಿತಗಳಲ್ಲಿ ಹಾಡಿ ಹೊಟ್ಟೆ ಹೊರೆದವರು. ರೆಕಾರ್ಡಿಂಗ್‌ಗೆ ಅಂತ ಕೂತದ್ದು ಎರಡೇ ಊರಿನಲ್ಲಿ. 1936ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಒಂದು ಹೋಟೆಲಿನಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ. ಒಟ್ಟು 29 ಹಾಡು. ಅವರು ಬಿಟ್ಟುಹೋದದ್ದು ಅಷ್ಟೇ.

ಅವರ ಗಿಟಾರಿನಲ್ಲಿ ಏನು ವಿಶೇಷ ಅಂತ ಕೇಳಬಹುದು. ಹೆಬ್ಬೆರಳಿನಲ್ಲಿ ಕೆಳಸ್ವರದ ತಂತಿಗಳನ್ನು ನಡೆದುಹೋಗುವ ಹೆಜ್ಜೆಯಂತೆ ಮೀಟುತ್ತಾ, ಉಳಿದ ಬೆರಳುಗಳಲ್ಲಿ ಮೇಲಿನ ತಂತಿಗಳಲ್ಲಿ ಹಾಡಿಗೆ ಮಾರುತ್ತರ ಕೊಡುತ್ತಿದ್ದರು. ಅದರ ಮೇಲೆ ಹಾಡು ಬೇರೆ. ಎಷ್ಟೋ ವರ್ಷದ ಮೇಲೆ ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಈ ರೆಕಾರ್ಡನ್ನು ಮೊದಲ ಸಲ ಕೇಳಿದಾಗ, ಇವರ ಜೊತೆ ನುಡಿಸುತ್ತಿರುವ ಇನ್ನೊಬ್ಬರು ಯಾರು ಅಂತ ವಿಚಾರಿಸಿದ್ದರು. ಇನ್ನೊಬ್ಬರು ಇರಲೇ ಇಲ್ಲ.

1938ರ ಆಗಸ್ಟ್ 16ರಂದು ಜಾನ್ಸನ್ ಮಿಸಿಸಿಪಿಯ ಗ್ರೀನ್‌ವುಡ್ ಹತ್ತಿರ ತೀರಿಕೊಂಡರು. ಹೊರಜಗತ್ತಿಗೆ ಸುದ್ದಿ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದಕ್ಕೆ ಸಾಕ್ಷಿಯೇ ಇದೆ. ಜಾನ್ ಹ್ಯಾಮಂಡ್ ಎಂಬ ನ್ಯೂಯಾರ್ಕಿನ ರೆಕಾರ್ಡ್ ನಿರ್ಮಾಪಕರು ಅದೇ ವರ್ಷ ಆ ಊರಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಕಾರ್ಯಕ್ರಮವೊಂದನ್ನು ಏರ್ಪಡಿಸುತ್ತಿದ್ದರು. ಜಾನ್ಸನ್ ಬೇಕು ಅಂತ ಹುಡುಕಿಸಿದರು. ಹುಡುಕುವಾಗಲೇ ಗೊತ್ತಾಯಿತು, ಆ ಮನುಷ್ಯ ಇಲ್ಲ ಅಂತ. ಡಿಸೆಂಬರ್ 23ರ ರಾತ್ರಿ ವೇದಿಕೆಯ ಮೇಲೆ ಗ್ರಾಮಫೋನ್ ಇಟ್ಟು ಅವರ ಎರಡು ರೆಕಾರ್ಡ್ ಹಾಕಿದರು. ಹಾಡುಗಾರ ನಿಲ್ಲಬೇಕಾಗಿದ್ದ ಜಾಗದಲ್ಲಿ ಒಂದು ಯಂತ್ರ ಹಾಡಿತು. ಈ ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಚಿತ್ರ ಇದೇ.

ಹಾಗಾದರೆ ಆಗಸ್ಟ್ 16 ಎಂಬ ತಾರೀಖು ನಮಗೆ ಗೊತ್ತಾದದ್ದು ಹೇಗೆ? ಒಂದು ಕಾಗದದಿಂದ. ಗೇಲ್ ಡೀನ್ ವಾರ್ಡ್‌ಲೊ ಎಂಬ ಸಂಶೋಧಕರು 1968ರಲ್ಲಿ ಜಾನ್ಸನ್ ಅವರ ಮರಣ ಪತ್ರ ಹುಡುಕಿ ತೆಗೆದರು. ಸತ್ತು 30 ವರ್ಷ ಆಗಿತ್ತು. ಸಾವಿನ ಕಾರಣ ಬರೆಯಬೇಕಾದ ಕಡೆ ಇದ್ದದ್ದು ಇಂಗ್ಲಿಷಿನ ಎರಡೇ ಪದ: ನೋ ಡಾಕ್ಟರ್, ಅಂದರೆ ವೈದ್ಯರಿಲ್ಲ. ಅದೇ ಪತ್ರದ ಹಿಂಬದಿಯಲ್ಲಿ ಒಂದು ಟಿಪ್ಪಣಿ ಇತ್ತು ಅನ್ನುವುದು ಆಮೇಲೆ ಬೆಳಕಿಗೆ ಬಂತು. ಜಾನ್ಸನ್ ಸತ್ತ ಜಮೀನಿನ ಮಾಲೀಕರು ಹೇಳಿದ್ದನ್ನು ಅದರಲ್ಲಿ ಬರೆದುಕೊಂಡಿದ್ದರು: ನೋಡಲು ಸುಮಾರು 26 ವಯಸ್ಸು, ಎರಡು ಮೂರು ವಾರದ ಹಿಂದೆ ಇಲ್ಲಿನ ಕುಣಿತಕ್ಕೆ ಬ್ಯಾಂಜೊ ನುಡಿಸಲು ಬಂದವನು. ಅದು ಬ್ಯಾಂಜೊ ಅಲ್ಲ, ಗಿಟಾರ್ ಅನ್ನುವುದೂ ಬರೆಸಿದವರಿಗೆ ಗೊತ್ತಿರಲಿಲ್ಲ. ಯಾರೋ ಹೊಟ್ಟೆಕಿಚ್ಚಿಗೆ ವಿಸ್ಕಿಯಲ್ಲಿ ವಿಷ ಹಾಕಿದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ. ಅದು ಸಾಬೀತಾಗಿಲ್ಲ.

1961ರಲ್ಲಿ ಕೊಲಂಬಿಯಾ ಕಂಪನಿ ಅವರ ಹಾಡುಗಳನ್ನು ಒಂದು ಲಾಂಗ್ ಪ್ಲೇ ರೆಕಾರ್ಡಿನಲ್ಲಿ ಸೇರಿಸಿ ಮತ್ತೆ ತಂದಿತು. ಅದು ಕಡಲು ದಾಟಿ ಇಂಗ್ಲೆಂಡಿನ ಹುಡುಗರ ಕೈಗೆ ಸಿಕ್ಕಿತು. ಮುಂದೆ ಗಿಟಾರಿಗೆ ಹೆಸರಾದ ಎರಿಕ್ ಕ್ಲ್ಯಾಪ್ಟನ್ ಅಂಥವರು ಅದನ್ನು ಉರು ಹೊಡೆದು ಕಲಿತರು. ಜಾನ್ಸನ್ ನಿಜವಾಗಿ ಹೆಸರಾದದ್ದು ಆವಾಗ.

1962: ಡ್ರಮ್ ಬಿಟ್ಟು ಎದ್ದ ಹುಡುಗ

ಅದೇ ಹೊತ್ತಿಗೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಬೀಟಲ್ಸ್ ಎಂಬ ತಂಡ ಊರಿನ ಮಟ್ಟಿಗೆ ಹೆಸರು ಮಾಡಿತ್ತು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ಮತ್ತು ಡ್ರಮ್ ಬಾರಿಸಲು ಪೀಟ್ ಬೆಸ್ಟ್. ಬೆಸ್ಟ್ 1960ರ ಆಗಸ್ಟ್‌ನಿಂದ ಅವರ ಜೊತೆಗಿದ್ದರು. ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಒಟ್ಟಿಗೆ ಬೆವರು ಸುರಿಸಿದ್ದರು.

1962ರ ಜೂನ್ 6ರಂದು ತಂಡ ಲಂಡನ್ನಿನಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೊಗೆ ಹೋಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಡ್ರಮ್ ಒಪ್ಪಿಗೆಯಾಗಲಿಲ್ಲ. ರೆಕಾರ್ಡಿಂಗ್‌ಗೆ ಬೇರೆ ಡ್ರಮ್ಮರ್ ಕರೆಸುತ್ತೇನೆ ಅಂದರು. ಇದರಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಕಿಕ್ಕಿರಿದ ಕ್ಲಬ್ಬಿನಲ್ಲಿ ತಾಳ ಒಂದು ಕೂದಲೆಳೆ ಹಿಂದೆ ಮುಂದೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಗದ್ದಲ, ಕುಣಿತ, ಕೂಗಾಟ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸ್ಟುಡಿಯೊ ಹಾಗಲ್ಲ. ಕತ್ತಲೆಯಲ್ಲಿ ಬರೆದ ಗೆರೆಯನ್ನು ಹಗಲಿನಲ್ಲಿ ನೋಡಿದ ಹಾಗೆ, ಸೊಟ್ಟ ಇದ್ದದ್ದೆಲ್ಲ ಕಾಣುತ್ತದೆ. ಅದಕ್ಕೇ ಆ ಕಾಲದಲ್ಲಿ ರೆಕಾರ್ಡಿಂಗ್‌ಗೆ ಮಾತ್ರ ಬಾಡಿಗೆ ಕಲಾವಿದರನ್ನು ಕರೆಸುವುದು ಮಾಮೂಲಾಗಿತ್ತು. ಮಾರ್ಟಿನ್ ಅಷ್ಟನ್ನೇ ಕೇಳಿದ್ದು. ಬೆಸ್ಟ್ ಅವರನ್ನು ತಂಡದಿಂದಲೇ ತೆಗೆಯಿರಿ ಅಂದಿರಲಿಲ್ಲ. ಅದು ಉಳಿದ ಮೂವರ ತೀರ್ಮಾನ.

ಆಗಸ್ಟ್ 16ರ ಬೆಳಿಗ್ಗೆ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಬೆಸ್ಟ್ ಅವರನ್ನು ತಮ್ಮ ಆಫೀಸಿಗೆ ಕರೆಸಿದರು. ನಿನ್ನ ಜಾಗಕ್ಕೆ ರಿಂಗೊ ಸ್ಟಾರ್ ಬರುತ್ತಾರೆ ಎಂಬ ಮಾತು ಹೇಳಿದ್ದೂ ಅವರೇ. ಎರಡು ವರ್ಷ ಜೊತೆಗಿದ್ದ ಮೂವರಲ್ಲಿ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ. ಎರಡು ದಿನದ ಮೇಲೆ, ಆಗಸ್ಟ್ 18ರಂದು, ರಿಂಗೊ ತಂಡದವರಾಗಿ ಬಾರಿಸಿದರು. ಊರಿನ ಅಭಿಮಾನಿಗಳು ಸಿಟ್ಟಾದರು. ಗಲಾಟೆಯಲ್ಲಿ ಹ್ಯಾರಿಸನ್ ಅವರ ಕಣ್ಣಿಗೆ ಗುದ್ದು ಬಿತ್ತು. ಆಗಸ್ಟ್ 22ರಂದು ಕ್ಯಾವರ್ನ್ ಕ್ಲಬ್ಬಿನಲ್ಲಿ ಗ್ರಾನಡಾ ಟಿವಿ ತೆಗೆದ ಕಪ್ಪುಬಿಳುಪು ಚಿತ್ರ ಈಗಲೂ ಇದೆ. ಹಾಡು ಮುಗಿದ ಕೂಡಲೇ ಗುಂಪಿನಿಂದ ಒಂದು ದನಿ ನಮಗೆ ಪೀಟ್ ಬೇಕು ಅಂತ ಕೂಗುವುದು ಕೇಳಿಸುತ್ತದೆ.

ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೊದಲ ರೆಕಾರ್ಡಿಗಾಗಿ ಸೆಪ್ಟೆಂಬರ್ 11ರಂದು ಮತ್ತೆ ಸ್ಟುಡಿಯೊಗೆ ಹೋದಾಗ, ರಿಂಗೊ ಅವರನ್ನೂ ಬದಿಗೆ ಕೂರಿಸಿ ಆಂಡಿ ವೈಟ್ ಎಂಬ ಬಾಡಿಗೆ ಡ್ರಮ್ಮರ್ ಕೈಯಲ್ಲಿ ಬಾರಿಸಿದರು. ರಿಂಗೊಗೆ ಸಿಕ್ಕಿದ್ದು ಟ್ಯಾಂಬೊರಿನ್, ಕೈಯಲ್ಲಿ ಹಿಡಿದು ಅಲ್ಲಾಡಿಸುವ ಸಣ್ಣ ತಾಳವಾದ್ಯ. ಹಾಗಾಗಿ ಬೆಸ್ಟ್ ಕೆಟ್ಟ ಡ್ರಮ್ಮರ್, ಅದಕ್ಕೇ ಹೋದರು ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಬೆಸ್ಟ್ ಮುಂದೆ ಉದ್ಯೋಗ ಕಚೇರಿಯಲ್ಲಿ ಸರ್ಕಾರಿ ನೌಕರರಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. 1995ರಲ್ಲಿ ಬೀಟಲ್ಸ್‌ನ ಹಳೆಯ ರೆಕಾರ್ಡಿಂಗ್‌ಗಳ ಸಂಗ್ರಹ ಹೊರಬಂದಾಗ ಅದರಲ್ಲಿ ಅವರು ಬಾರಿಸಿದವೂ ಇದ್ದವು. ಅದರ ಗೌರವಧನ ಅವರಿಗೂ ಬಂತು. ನಡುವೆ 33 ವರ್ಷ ಕಳೆದಿತ್ತು.

1977: ಗಂಟೆಯೊಳಗೆ ಹಬ್ಬಿದ ಸುದ್ದಿ

ಎಲ್ವಿಸ್ ಪ್ರೀಸ್ಲಿ 1935ರ ಜನವರಿ 8ರಂದು ಮಿಸಿಸಿಪಿಯ ಟುಪೆಲೊದಲ್ಲಿ, ಎರಡೇ ಕೋಣೆಯ ಮನೆಯಲ್ಲಿ ಹುಟ್ಟಿದರು. ಜಾನ್ಸನ್ ಅವರ ರಾಜ್ಯವೇ. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ಮೊದಲ ರೆಕಾರ್ಡಿಗೆ ಹಾಡಿದ್ದು ಆರ್ಥರ್ ಕ್ರುಡಪ್ ಎಂಬ ಕಪ್ಪು ಬ್ಲೂಸ್ ಹಾಡುಗಾರರ ಹಾಡನ್ನೇ. ಕಪ್ಪು ಜನರ ಹಾಡಿಕೆ ಬಿಳಿಯ ಹುಡುಗನ ಬಾಯಲ್ಲಿ ಬಂದಾಗ, ಅದಕ್ಕೆ ಮೊದಲು ಮುಚ್ಚಿದ್ದ ರೇಡಿಯೊ, ಟಿವಿಗಳ ಬಾಗಿಲು ತೆರೆಯಿತು. ಇದರಲ್ಲಿ ಎಲ್ವಿಸ್ ಅವರ ಪ್ರತಿಭೆಯೂ ಇದೆ, ಆ ಕಾಲದ ಅನ್ಯಾಯವೂ ಇದೆ. ಎರಡನ್ನೂ ಒಟ್ಟಿಗೇ ಹೇಳಬೇಕು.

1977ರ ಆಗಸ್ಟ್ 16ರ ರಾತ್ರಿ ಅವರು ವಿಮಾನ ಹತ್ತಬೇಕಿತ್ತು. ಮರುದಿನ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹೊಸ ಪ್ರವಾಸದ ಮೊದಲ ಕಾರ್ಯಕ್ರಮ. ಮಧ್ಯಾಹ್ನ ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಮನೆಯ ಬಚ್ಚಲುಮನೆಯಲ್ಲಿ ಬಿದ್ದದ್ದು ಕಂಡಿತು. ಆಸ್ಪತ್ರೆಗೆ ಸಾಗಿಸಿದರು. 3:30ಕ್ಕೆ ಸಾವು ಖಚಿತವಾಯಿತು. ವಯಸ್ಸು 42. ಮೊದಲು ಹೇಳಿದ ಕಾರಣ ಹೃದಯದ ಬಡಿತ ತಪ್ಪಿದ್ದು. ಆಮೇಲೆ ರಕ್ತದಲ್ಲಿ ಹಲವು ಬಗೆಯ ಔಷಧಗಳು ಕಂಡವು, ಅವುಗಳ ಪಾತ್ರ ಎಷ್ಟು ಎಂಬ ವಾದ ವರ್ಷಗಟ್ಟಲೆ ನಡೆಯಿತು.

ಜಾನ್ಸನ್ ಸಾವಿನ ಜೊತೆ ಇದನ್ನು ಹೋಲಿಸಿ ನೋಡಿ. ಅಲ್ಲಿ 30 ವರ್ಷ ಒಂದು ಕಾಗದ ಕಪಾಟಿನಲ್ಲಿ ಕಾದಿತ್ತು. ಇಲ್ಲಿ ಸಂಜೆಯೊಳಗೆ ಗ್ರೇಸ್‌ಲ್ಯಾಂಡ್ ಗೇಟಿನ ಮುಂದೆ ಜನಸಾಗರ. ಅಂದು ಸಂಜೆಯ ಟಿವಿ ವಾರ್ತೆಯಲ್ಲಿ ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಸಿಬಿಎಸ್ ಮಾತ್ರ ಪನಾಮಾ ಕಾಲುವೆಯ ಸುದ್ದಿಯಿಂದ ಶುರು ಮಾಡಿತು. ಹಾಡುಗಾರರ ಸಾವು ದೇಶದ ಮೊದಲ ಸುದ್ದಿ ಆಗಬಹುದೇ ಎಂಬ ಪ್ರಶ್ನೆಗೆ ಆ ಕಾಲದ ಸುದ್ದಿಮನೆಗಳಲ್ಲೇ ಒಂದು ಉತ್ತರ ಇರಲಿಲ್ಲ. ಈಗ ಪ್ರತಿ ವರ್ಷ ಆಗಸ್ಟ್ 15ರ ಸಂಜೆ ಅಭಿಮಾನಿಗಳು ಮೇಣದಬತ್ತಿ ಹಿಡಿದು ಅದೇ ಗೇಟಿನಿಂದ ಸಮಾಧಿಯವರೆಗೆ ಸಾಲಾಗಿ ನಡೆಯುತ್ತಾರೆ.

2018: ಒಬ್ಬರ ಹುಟ್ಟುಹಬ್ಬ, ಒಬ್ಬರ ಕೊನೆಯ ದಿನ

ಎಲ್ವಿಸ್ ಹೋದ ದಿನ ಮಿಶಿಗನ್ ರಾಜ್ಯದ ಒಬ್ಬ ಹುಡುಗಿಗೆ 19 ತುಂಬಿತು. ಅವರೇ ಮಡೋನಾ, ಹುಟ್ಟಿದ್ದು 1958ರ ಆಗಸ್ಟ್ 16, ಬೇ ಸಿಟಿ ಎಂಬ ಊರಿನಲ್ಲಿ. 1981ರಲ್ಲಿ ಅಮೆರಿಕದಲ್ಲಿ ಎಂಟಿವಿ ಶುರುವಾಯಿತು, ಇಡೀ ದಿನ ಹಾಡಿನ ವಿಡಿಯೊ ತೋರಿಸುವ ಚಾನೆಲ್. ಮರುವರ್ಷ ಮಡೋನಾ ಅವರ ಮೊದಲ ಹಾಡು ಬಂತು. ಹಾಡು ಈಗ ಕೇಳುವುದಷ್ಟೇ ಅಲ್ಲ, ನೋಡುವುದೂ ಆಗಿತ್ತು. ಉಡುಪು, ಕುಣಿತ, ಕ್ಯಾಮೆರಾ ಮುಂದಿನ ನಿಲುವು ಎಲ್ಲವೂ ಹಾಡಿನ ಭಾಗ ಅನ್ನುವುದನ್ನು ಅವರಷ್ಟು ಚೆನ್ನಾಗಿ ಅರಿತವರು ಕಡಿಮೆ.

ಅವರಿಗೆ 60 ತುಂಬಿದ ದಿನ, 2018ರ ಆಗಸ್ಟ್ 16ರಂದು, ಅದೇ ರಾಜ್ಯದ ಡೆಟ್ರಾಯಿಟ್‌ನಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 76. ಅರೀಥಾ ಹುಟ್ಟಿದ್ದು ಮೆಂಫಿಸ್‌ನಲ್ಲಿ, ಎಲ್ವಿಸ್ ಕೊನೆಯುಸಿರೆಳೆದ ಊರಿನಲ್ಲೇ. ಅಪ್ಪ ಚರ್ಚಿನ ಪ್ರಸಿದ್ಧ ಬೋಧಕರು. ಅರೀಥಾ ಹಾಡು ಕಲಿತದ್ದು ಆ ಚರ್ಚಿನ ಬೆಂಚುಗಳ ನಡುವೆ.

1960ರಲ್ಲಿ, 18ರ ಹುಡುಗಿ ಅರೀಥಾಗೆ ಮೊದಲ ದೊಡ್ಡ ಕಂಪನಿಯ ಒಪ್ಪಂದ ಕೊಡಿಸಿದವರು ಯಾರು ಗೊತ್ತಾ? ಜಾನ್ ಹ್ಯಾಮಂಡ್. 1938ರಲ್ಲಿ ಜಾನ್ಸನ್ ಅವರನ್ನು ಹುಡುಕಿಸಿ, ತಡವಾಗಿ, ಗ್ರಾಮಫೋನ್ ಇಡಿಸಿದ ಅದೇ ಹ್ಯಾಮಂಡ್. ಪೋಸ್ಟುಗಳಲ್ಲಿ ಬೇರೆ ಬೇರೆ ಚೌಕಗಳಲ್ಲಿ ಕೂತ ಈ ಹೆಸರುಗಳ ನಡುವೆ ಇಂಥ ದಾರಗಳಿವೆ.

ಅರೀಥಾ ಏನು ಮಾಡಿದರು ಅನ್ನುವುದಕ್ಕೆ ಒಂದೇ ಹಾಡು ಸಾಕು. ಓಟಿಸ್ ರೆಡಿಂಗ್ 1965ರಲ್ಲಿ ಬರೆದು ಹಾಡಿದ ರೆಸ್ಪೆಕ್ಟ್. ದುಡಿದು ಮನೆಗೆ ಬಂದ ಗಂಡಸು ಸ್ವಲ್ಪ ಮರ್ಯಾದೆ ಕೊಡು ಅಂತ ಹೆಂಡತಿಯನ್ನು ಕೇಳುವ ಹಾಡು ಅದು. 1967ರಲ್ಲಿ ಅರೀಥಾ ಅದನ್ನೇ ಹೆಂಗಸಿನ ಬಾಯಿಂದ ಹಾಡಿದರು. ಕೇಳುವವರು, ಕೊಡಬೇಕಾದವರು ಅದಲು ಬದಲಾದರು. ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಕೂಗುವ ಭಾಗ ಮೂಲದಲ್ಲಿ ಇರಲೇ ಇಲ್ಲ, ಅದು ಇವರು ಸೇರಿಸಿದ್ದು. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹೆಂಗಸರು, ಕಪ್ಪು ಜನರು ತಮ್ಮ ಹಕ್ಕಿನ ಹೋರಾಟದಲ್ಲಿ ಅದನ್ನು ತಮ್ಮದು ಮಾಡಿಕೊಂಡರು. 1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವದ ಪಟ್ಟಿಗೆ ಸೇರಿದ ಮೊದಲ ಮಹಿಳೆ ಅರೀಥಾ. ಅದರ ಹಿಂದಿನ ವರ್ಷ ಸೇರಿದ ಮೊದಲ ತಂಡದಲ್ಲಿ ಎಲ್ವಿಸ್ ಇದ್ದರು, ಜಾನ್ಸನ್ ಕೂಡ ಇದ್ದರು.

ಇಷ್ಟೊಂದು ಒಂದೇ ದಿನ ಹೇಗೆ?

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಇದೂ ಅಂಥದ್ದೇ. ಆದರೆ ಸುಮ್ನೆ ಹಾಗೆ ಹೇಳಿ ಬಿಡುವುದು ಬೇಡ, ಲೆಕ್ಕ ಹಾಕೋಣ.

365 ಚೌಕಗಳಿರುವ ಒಂದು ದೊಡ್ಡ ಹಲಗೆ ಇದೆ ಅಂದುಕೊಳ್ಳಿ. ಹೆಸರಿರುವ 10,000 ಸಂಗೀತಗಾರರನ್ನು ತೆಗೆದುಕೊಂಡು, ಒಬ್ಬೊಬ್ಬರ ಹುಟ್ಟಿಗೆ ಒಂದು, ಸಾವಿಗೆ ಒಂದು ಕಾಳು ಹಾಕುತ್ತಾ ಹೋಗಿ. 20,000 ಕಾಳು ಆಯಿತು. ಸಮನಾಗಿ ಹಂಚಿದರೂ ಚೌಕಕ್ಕೆ ಸುಮಾರು 55 ಬೀಳುತ್ತವೆ. ಯಾವ ಚೌಕವೂ ಖಾಲಿ ಇರುವುದಿಲ್ಲ. ಇದರ ಮೇಲೆ ರೆಕಾರ್ಡು ಬಿಡುಗಡೆ, ತಂಡ ಒಡೆದದ್ದು, ದೊಡ್ಡ ಕಾರ್ಯಕ್ರಮ ಎಲ್ಲ ಸೇರಿಸಿದರೆ ಇನ್ನೂ ತುಂಬುತ್ತದೆ. ಆಗಸ್ಟ್ 16ರ ಚೌಕದಲ್ಲೇ ಜಾಜ್‌ನ ಪಿಯಾನೊ ವಾದಕ ಬಿಲ್ ಎವನ್ಸ್ ಹುಟ್ಟು ಇದೆ, 1929ರಲ್ಲಿ. ಡ್ರಮ್ಮರ್ ಮ್ಯಾಕ್ಸ್ ರೋಚ್ ಸಾವೂ ಇದೆ, 2007ರಲ್ಲಿ.

ಅದು ಸರಿ, ರಾಕ್ ಅಂಡ್ ರೋಲ್‌ನ ದೊರೆ, ಸೋಲ್‌ನ ರಾಣಿ ಅನ್ನಿಸಿಕೊಂಡ ಇಬ್ಬರೂ ಒಂದೇ ತಾರೀಖಿಗೆ ಹೋಗುವುದು ಅಪರೂಪ ಅಲ್ವಾ? ಇದಕ್ಕೆ ಗಣಿತದಲ್ಲಿ ಹೆಸರಾದ ಒಂದು ಲೆಕ್ಕ ಇದೆ. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ನಂಬುವುದು ಕಷ್ಟ, ಆದರೆ ಕಾರಣ ಸರಳ. ನಾವು ತಲೆ ಎಣಿಸುತ್ತೇವೆ, ಎಣಿಸಬೇಕಾದದ್ದು ಜೋಡಿಗಳನ್ನು. 23 ಜನರಲ್ಲಿ 253 ಜೋಡಿಗಳಾಗುತ್ತವೆ. ಪ್ರತಿ ಜೋಡಿಯೂ ಹೊಂದಿಕೆಯಾಗಲು ಒಂದು ಅವಕಾಶ. ಸಾವಿನ ತಾರೀಖಿಗೂ ಇದೇ ಲೆಕ್ಕ. ಹಾಗಾಗಿ ಬರೀ 23 ಮಹಾನ್ ಹಾಡುಗಾರರ ಪಟ್ಟಿ ಮಾಡಿದರೂ ಇಂಥ ಒಂದು ಜೋಡಿ ಸಿಕ್ಕರೆ ಆಶ್ಚರ್ಯ ಇಲ್ಲ.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಉತ್ತರವೂ ಬದಲಾಗುತ್ತದೆ. ಯಾರಾದರೂ ಇಬ್ಬರು ಅನ್ನುವ ಬದಲು, ಎಲ್ವಿಸ್ ಹೋದ ತಾರೀಖಿಗೇ ಹೋದ ಇನ್ನೊಬ್ಬರು ಸಿಗುವ ಸಾಧ್ಯತೆ ಅರ್ಧ ಆಗಬೇಕು ಅಂದರೆ 253 ಜನ ಬೇಕು. ನಾವು ಮೊದಲು ಹೊಂದಿಕೆ ಕಂಡು, ಆಮೇಲೆ ಎಲ್ವಿಸ್ ದಿನ ಅಂತ ಹೆಸರಿಡುತ್ತೇವೆ. ಅದಕ್ಕೇ ಅದು ಇರುವುದಕ್ಕಿಂತ ವಿಚಿತ್ರವಾಗಿ ಕಾಣುತ್ತದೆ.

ತಾರೀಖು ಎಲ್ಲಿಂದ ಎಲ್ಲಿಯವರೆಗೆ?

ಇನ್ನೊಂದು ತೊಡಕೂ ಇದೆ. 1969ರ ವುಡ್‌ಸ್ಟಾಕ್ ಸಂಗೀತ ಉತ್ಸವ ನ್ಯೂಯಾರ್ಕ್ ರಾಜ್ಯದ ಬೆತೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಅವರ ಹಾಲಿನ ಫಾರ್ಮಿನ ಜಮೀನಿನಲ್ಲಿ ನಡೆಯಿತು. ಸುಮಾರು 4 ಲಕ್ಷ ಜನ. ಆಗಸ್ಟ್ 16 ಅದರ ಎರಡನೆಯ ದಿನ, ಶನಿವಾರ. ಸ್ಯಾಂಟಾನಾ ತಂಡ ಮಧ್ಯಾಹ್ನದ ಬಿಸಿಲಿನಲ್ಲಿ ನುಡಿಸಿತು. ಅದು ನಿಸ್ಸಂದೇಹವಾಗಿ 16ರದ್ದೇ. ಆದರೆ ಕಾರ್ಯಕ್ರಮ ಎಷ್ಟು ತಡವಾಯಿತು ಅಂದರೆ, ಶನಿವಾರದ ಪಟ್ಟಿಯಲ್ಲಿದ್ದ ಜ್ಯಾನಿಸ್ ಜಾಪ್ಲಿನ್ ವೇದಿಕೆಗೆ ಬಂದಾಗ ಮಧ್ಯರಾತ್ರಿ ಮೀರಿತ್ತು. ದ ಹೂ ತಂಡ ನುಡಿಸುತ್ತಿರುವಾಗ ಬೆಳಕು ಹರಿಯಿತು. ಜೆಫರ್ಸನ್ ಏರ್‌ಪ್ಲೇನ್ ಎಂಬ ತಂಡ ಶುರು ಮಾಡಿದ್ದು ಭಾನುವಾರ ಬೆಳಿಗ್ಗೆ. ಗಡಿಯಾರದ ಪ್ರಕಾರ ಇವರೆಲ್ಲ 17ರವರು. ಹಲವು ಪಟ್ಟಿಗಳಲ್ಲಿ ಮಾತ್ರ 16ಕ್ಕೇ ಸೇರಿದ್ದಾರೆ, ಏಕೆಂದರೆ ಅಲ್ಲಿದ್ದವರು ಇನ್ನೂ ಮಲಗಿರಲಿಲ್ಲ, ಅವರಿಗೆ ಅದು ಶನಿವಾರವೇ.

ಜಾನ್ಸನ್ ವಿಷಯದಲ್ಲಿ ತೊಡಕು ತಿರುಗುಮುರುಗು. ಸತ್ತ ತಾರೀಖಿಗೆ ಕಾಗದ ಇದೆ, ಹುಟ್ಟಿದ್ದಕ್ಕೆ ಗಟ್ಟಿ ದಾಖಲೆ ಇಲ್ಲ. 1911ರ ಮೇ 8 ಅನ್ನುವುದು ಎಲ್ಲರೂ ಒಪ್ಪಿಕೊಂಡಿರುವ ಅಂದಾಜು. 27ನೇ ವಯಸ್ಸಿಗೆ ಹೋದ ಹಾಡುಗಾರರ ಸಾಲಿನಲ್ಲಿ ಅವರ ಹೆಸರು ಬರುವುದು ಆ ಅಂದಾಜಿನ ಮೇಲೆ. ಹೂತ ಜಾಗದ ಕತೆಯೂ ಹಾಗೇ. ಮರಣ ಪತ್ರದಲ್ಲಿ ಜಯಾನ್ ಚರ್ಚ್ ಅಂತಷ್ಟೇ ಇದೆ, ಆ ಸೀಮೆಯಲ್ಲಿ ಆ ಹೆಸರು ಹೊತ್ತ ಚರ್ಚು ಒಂದಕ್ಕಿಂತ ಹೆಚ್ಚು. ಈಗ ಗ್ರೀನ್‌ವುಡ್ ಸುತ್ತಮುತ್ತ ಮೂರು ಚರ್ಚುಗಳ ಅಂಗಳದಲ್ಲಿ ಅವರ ಹೆಸರಿನ ಕಲ್ಲುಗಳಿವೆ. ಬಂದವರು ಮೂರಕ್ಕೂ ಹೋಗುತ್ತಾರೆ.